ಎಲ್ವುಡ್ ಟಿಂಗ್ಲಿಯ ಪರಿಶುದ್ಧ ಉಬ್ಬರ

ಎಲ್ವುಡ್ ಟಿಂಗ್ಲಿ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳುವ ಸಂದರ್ಭ ಸಿಗಲಿಕ್ಕಿಲ್ಲ.

ಅವನ ಅಪ್ಪ ನಮ್ಮೂರು ಸ್ಕಲ್ಲಿ ಹಾರ್ಬರಿನ ಧಕ್ಕೆಯಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುತ್ತಿದ್ದ. ಗ್ರೀಸು ಮೆತ್ತಿದ ಕೈಯಲ್ಲೇ ಬ್ರೆಡ್ಡಿಗೆ ಕಾಕಂಬಿ ಸವರಿಕೊಂಡು ತಿಂದು, ಅದೇ ಕೈಯನ್ನು ಪ್ಯಾಂಟಿಗೆ ಒರೆಸಿ, ಮತ್ತೆ ಇಂಜಿನ್ನಿನೊಳಗೆ ತೂರಿಸುತ್ತಿದ್ದ. ಮಗನಿಗೆ ಹುಟ್ಟಿದಾಗಿನಿಂದ ಅದೊಂದು ಸೇರುತ್ತಿರಲಿಲ್ಲ. ಲೆಕ್ಕ ಮಾತ್ರ ಸೇರುತ್ತಿತ್ತು. ಲೆಕ್ಕಕ್ಕೆ ಗ್ರೀಸು ಹತ್ತುವುದಿಲ್ಲ. ಫ್ರೆಡರಿಕ್ಟನ್ನಿನಲ್ಲಿ ಗಣಿತ ಓದಿ, ಆಮೇಲೆ ಹ್ಯಾಲಿಫ್ಯಾಕ್ಸಿಗೆ ಹೋದವನಿಗೆ ಅಲ್ಲಿ ಹ್ಯಾಸ್ಕೆಲ್ ಎನ್ನುವ ಪ್ರೋಗ್ರಾಮಿಂಗ್ ಭಾಷೆ ಸಿಕ್ಕಿತು. ಕೆಲವರಿಗೆ ಆ ವಯಸ್ಸಿನಲ್ಲಿ ಹುಡುಗಿ ಸಿಗುತ್ತಾಳೆ, ಕೆಲವರಿಗೆ ದೇವರು ಸಿಗುತ್ತಾನೆ. ಎಲ್ವುಡ್‌ಗೆ ಎರಡರ ಬದಲಿಗೂ ಇದು ಸಿಕ್ಕಿತು.

ಆ ಭಾಷೆಯಲ್ಲಿ ಶುದ್ಧ ಅನ್ನುವ ಮಾತಿಗೆ ಒಂದು ಗೊತ್ತಾದ ಅರ್ಥವಿದೆ. ಒಂದು ಸೂತ್ರಕ್ಕೆ ಒಂದು ಪ್ರಶ್ನೆ ಹಾಕಿದರೆ, ಇವತ್ತು ಹಾಕಲಿ, ನಾಳೆ ಹಾಕಲಿ, ಸಾವಿರ ಸಲ ಹಾಕಲಿ, ಉತ್ತರ ಒಂದೇ ಬರಬೇಕು. ಅದು ಏನನ್ನೂ ನೆನಪಿಟ್ಟುಕೊಳ್ಳಬಾರದು, ಬೇರೆ ಯಾವುದನ್ನೂ ಮುಟ್ಟಬಾರದು. ಒಳ್ಳೆಯ ನಿಯಮವೇ. ಆದರೆ ನಮ್ಮ ಎಲ್ವುಡ್ ಅದನ್ನು ಪ್ರೋಗ್ರಾಮಿಗೆ ಬಿಟ್ಟು ಮನುಷ್ಯರಿಗೆ ಹಚ್ಚಲು ಶುರು ಮಾಡಿದ. ಮೂವತ್ತರ ಹೊತ್ತಿಗೆ ಅವನ ಪಾಲಿಗೆ ಲೋಕದಲ್ಲಿ ಎರಡೇ ಜಾತಿ ಉಳಿದಿದ್ದವು: ಮಡಿಯವರು ಮತ್ತು ಉಳಿದವರು. ಮಡಿಯವರು ಅವನನ್ನು ಬಿಟ್ಟರೆ ಇಡೀ ಪ್ರಾಂತ್ಯದಲ್ಲಿ ಏಳು ಜನ ಇದ್ದರು. ತಿಂಗಳಿಗೊಮ್ಮೆ ಹ್ಯಾಲಿಫ್ಯಾಕ್ಸಿನಲ್ಲಿ ಸೇರಿ, ತಮ್ಮಲ್ಲಿ ಯಾರು ನಿಜವಾಗಿ ಮಡಿಯವರಲ್ಲ ಎಂದು ಚರ್ಚೆ ಮಾಡುತ್ತಿದ್ದರು. ಎಲ್ವುಡ್ ಎಡಗೈ ಮಣಿಕಟ್ಟಿನ ಮೇಲೆ ಆ ಪಂಥದ ಗುರುತಾದ, ಕವಲುಕಡ್ಡಿಯಂಥ ಗ್ರೀಕ್ ಅಕ್ಷರವನ್ನು ಹಚ್ಚೆ ಹಾಕಿಸಿಕೊಂಡು ಊರಿಗೆ ಬಂದಾಗ ಅವನಮ್ಮ ಕನ್ನಡಕ ಏರಿಸಿ ನೋಡಿದಳು.

"ಕೋಳಿ ಎದೆಮೂಳೆ ಯಾಕೆ ಬರೆಸ್ಕೊಂಡಿದ್ದೀ?" ಎಂದು ಕೇಳಿದಳು.

ಅವನು ಊರಿಗೆ ಬಂದದ್ದು ನಮ್ಮ ಉಬ್ಬರದ ಆಫೀಸಿನಲ್ಲಿ ಕೆಲಸ ಸಿಕ್ಕಿತೆಂದು. ನಮ್ಮ ಫಂಡಿ ಕೊಲ್ಲಿಯಲ್ಲಿ ಬೆಳಿಗ್ಗೆ ಧಕ್ಕೆಗೆ ಸಮವಾಗಿ ನಿಂತ ದೋಣಿ ಮಧ್ಯಾಹ್ನ ನಾಲ್ಕಾಳು ಕೆಳಗೆ ಕೆಸರಿನಲ್ಲಿ ಕೂತಿರುತ್ತದೆ. ಹಾಗಾಗಿ ನೀರು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಹೇಳುವವರಿಗೆ ಇಲ್ಲಿ ಪಾದ್ರಿಗಿಂತ ಹೆಚ್ಚು ಗಿರಾಕಿ. ಆಫೀಸಿನಲ್ಲಿ ಐದು ಜನ, ಒಂದು ಫೋನು, ವರ್ಷಕ್ಕೊಂದು ಅಚ್ಚಾದ ಪುಸ್ತಕ. ಮೇಲ್ವಿಚಾರಕಿ ಮಾರ್ವಾ ಕ್ರಾಂಡಲ್ ಮೊದಲು ದ್ವೀಪಕ್ಕೆ ಹೋಗುವ ಫೆರಿಯ ಟಿಕೆಟ್ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತವಳು. ಕಂಪ್ಯೂಟರಿನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಆನ್ ಮಾಡಿದರೆ ಆನ್ ಆಗಬೇಕು.

ಲೆಕ್ಕ ಹಾಕುತ್ತಿದ್ದದ್ದು ಫೋರ್ಟ್ರಾನ್ ಎನ್ನುವ ಹಳೆಯ ಭಾಷೆಯಲ್ಲಿದ್ದ ಹನ್ನೊಂದು ಸಾವಿರ ಸಾಲುಗಳ ಒಂದು ಪ್ರೋಗ್ರಾಮು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಅದನ್ನು ಬರೆದವಳು ಒಬೆಲಿನ್ ಥಿಬಡೋ. ಟೈಪಿಸ್ಟ್ ಅಂತ ಸೇರಿದ, ಫ್ರೆಂಚ್ ಮನೆಮಾತಿನ ಅಕೇಡಿಯನ್ ಹುಡುಗಿ. ಸಮುದ್ರದ ಲೆಕ್ಕ ಮಾಡಬೇಕಿದ್ದ ಇಂಜಿನಿಯರರಿಗೆ ಗಾಲ್ಫ್ ಹುಚ್ಚು. ಅವರು ಕೊಟ್ಟ ಸೂತ್ರಗಳನ್ನು ಆಗಿನ ಕಂಪ್ಯೂಟರಿಗೆಂದು ರಟ್ಟಿನ ಕಾರ್ಡಿನ ಮೇಲೆ ರಂಧ್ರವಾಗಿ ಹೊಡೆಯುತ್ತ ಹೊಡೆಯುತ್ತ ಅವುಗಳ ತಪ್ಪು ಹಿಡಿದು, ಆಮೇಲೆ ತಾನೇ ಬರೆದಳು. ಪುಸ್ತಕದ ಮೇಲೆ ಹೆಸರು ಮಾತ್ರ ಇಂಜಿನಿಯರರದ್ದೇ ಅಚ್ಚಾಯಿತು. ಅವಳು ಅದಕ್ಕೆ ಗಲಾಟೆ ಮಾಡಲಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಸಾಲೂ ವಿವರಣೆ ಬರೆಯದೆ ಬಿಟ್ಟಳು, ಅಷ್ಟೇ. ನಿವೃತ್ತಳಾಗಿ ಹದಿನಾಲ್ಕು ವರ್ಷವಾದರೂ ಆಫೀಸಿನವರು ತೊಡಕು ಬಂದಾಗಲೆಲ್ಲ ಅವಳಿಗೇ ಫೋನು ಮಾಡುತ್ತಿದ್ದರು.

ಎಲ್ವುಡ್ ಮೊದಲ ದಿನ ಆ ಕೋಡನ್ನು ತೆರೆದು ನೋಡಿ, ಕುರ್ಚಿಯನ್ನು ಎರಡಡಿ ಹಿಂದಕ್ಕೆ ಸರಿಸಿಕೊಂಡ.

"ಮಾರ್ವಾ, ಇದನ್ನ ಮುಟ್ಟಿದ್ರೆ ಸ್ನಾನ ಮಾಡ್ಬೇಕು."

"ಸ್ನಾನ ಮನೇಲಿ ಮಾಡ್ಕೊಂಡು ಬಾ. ಜನ ಫೋನಿನಲ್ಲೇ ನೋಡೋ ಹಾಗೆ ವೆಬ್‌ಸೈಟ್ ಬೇಕು ಅಂತ ಕೇಳ್ತಿದ್ದಾರೆ. ಎಷ್ಟು ದಿನ ಬೇಕು?"

"ಇದನ್ನೆಲ್ಲ ತೆಗೆದು ಹ್ಯಾಸ್ಕೆಲ್‌ನಲ್ಲಿ ಶುದ್ಧವಾಗಿ ಹೊಸದಾಗಿ ಬರೀತೀನಿ. ಆರು ತಿಂಗಳು."

ಎರಡೂವರೆ ವರ್ಷ ಹಿಡಿಯಿತು. ಬರೆದದ್ದು ಚೆಂದವಿತ್ತು, ಅದನ್ನು ಒಪ್ಪಲೇಬೇಕು. ಹನ್ನೊಂದು ಸಾವಿರ ಸಾಲಿನದು ಒಂಬೈನೂರು ಸಾಲಾಯಿತು. ಹ್ಯಾಲಿಫ್ಯಾಕ್ಸಿನ ಏಳು ಜನ ಅದನ್ನು ಓದಿ ಕಣ್ಣಿಗೊತ್ತಿಕೊಂಡರು. ಕುಂದು ಒಂದೇ: ಅದು ಹೇಳಿದ ಹೊತ್ತಿಗೆ ನೀರು ಬರುತ್ತಿರಲಿಲ್ಲ. ನಮ್ಮ ಬಂದರಿನಲ್ಲಿ ನಲವತ್ತು ನಿಮಿಷ ಹಿಂದುಮುಂದು, ಎತ್ತರದಲ್ಲಿ ಮೊಣಕಾಲುದ್ದ ವ್ಯತ್ಯಾಸ. ಹಳೆಯ ಕೋಡಿನಲ್ಲಿ ಅಲ್ಲಲ್ಲಿ ಸುಮ್ಮನೆ ಸೊನ್ನೆ ಬಿಂದು ನಾಲ್ಕು ಒಂದು ಕಳೆ, ಇನ್ನೊಂದು ಕಡೆ ಹನ್ನೊಂದು ನಿಮಿಷ ಕೂಡು ಎಂದು ಅರ್ಥವಾಗದ ಸಾಲುಗಳಿದ್ದವು. ಅಂಥ ಮೂವತ್ತಾರನ್ನು ಎಲ್ವುಡ್ ಕಸವೆಂದು ಗುಡಿಸಿ ಹಾಕಿದ್ದ.

"ಧಕ್ಕೆಯ ಅಳತೆ ಕಡ್ಡಿ ಸರಿಯಿಲ್ಲ, ಮಾರ್ವಾ. ನನ್ನ ಗಣಿತದಲ್ಲಿ ತಪ್ಪಿಲ್ಲ, ಸಾಧಿಸಿ ತೋರಿಸ್ತೀನಿ."

"ಎಲ್ವುಡ್, ನಾನು ಕೌಂಟರಿನಲ್ಲಿ ಕೂತವಳು. ದೋಣಿ ಹೊತ್ತಿಗೆ ಬರ್ಲಿಲ್ಲ ಅಂದ್ರೆ ತಪ್ಪು ವೇಳಾಪಟ್ಟೀದು. ದೋಣೀದಲ್ಲ, ಸಮುದ್ರದ್ದಂತೂ ಅಲ್ವೇ ಅಲ್ಲ." ಮಾರ್ವಾ ಮೇಜಿನ ಮೇಲಿನ ಕಾಗದ ಜೋಡಿಸಿಟ್ಟಳು. "ಹೊರಗಡೆ ನಿನ್ನದು ಇರ್ಲಿ, ಚೆಂದ ಇದೆ. ಒಳಗಡೆ ಲೆಕ್ಕ ಮಾಡೋದು ಒಬೆಲಿನ್‌ದೇ ಇರ್ಲಿ. ನಿನ್ನದರಿಂದ ಅವಳದನ್ನ ಕರೆಯೋಕೆ ಆಗುತ್ತೋ ಇಲ್ವೋ?"

"ಆಗುತ್ತೆ. ಆದ್ರೆ…"

"ಆಗುತ್ತೆ ಅಂದ್ಯಲ್ಲ, ಸಾಕು."

ಮೂರು ದಿನ ಎಲ್ವುಡ್ ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೆಯ ದಿನ ಕೆಲಸಕ್ಕೆ ಕೈ ಹಾಕಿದ. ಎರಡು ಭಾಷೆಗಳೂ ಅತ್ತೆ ಸೊಸೆ ಹಾಗೆ. ಹ್ಯಾಸ್ಕೆಲ್ ಸಂಖ್ಯೆಯನ್ನು ಕೈಗೆ ಕೊಡಲು ಹೋದರೆ ಫೋರ್ಟ್ರಾನ್ ಅದು ಇರುವ ವಿಳಾಸ ಕೊಡು ಎನ್ನುತ್ತದೆ. ಒಂದು ಪಟ್ಟಿಯನ್ನು ಸೊನ್ನೆಯಿಂದ ಎಣಿಸಿದರೆ ಇನ್ನೊಂದು ಒಂದರಿಂದ ಎಣಿಸುತ್ತದೆ. ಕೋಷ್ಟಕವನ್ನು ಇವನು ಅಡ್ಡ ಸಾಲಾಗಿ ತುಂಬಿಸಿ ಕಳಿಸಿದ. ಅದು ಕಂಬಸಾಲಾಗಿ ಓದಿಕೊಂಡಿತು. ಮೊದಲ ಸಲ ಕರೆ ಹೋದಾಗ ಬಂದ ಉತ್ತರದ ಪ್ರಕಾರ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನೀರು ಇಗರ್ಜಿಯ ಶಿಲುಬೆಗಿಂತ ಮುನ್ನೂರು ಅಡಿ ಮೇಲಿರಬೇಕಿತ್ತು. ಅದನ್ನೆಲ್ಲ ಒಂದೊಂದಾಗಿ ಬಿಡಿಸಿದ. ಬುದ್ಧಿವಂತನೇ, ಅದರಲ್ಲಿ ಮೋಸವಿಲ್ಲ. ಆದರೆ ಒಳಗಿನ ಆ ಮೂವತ್ತಾರು ಸಾಲು ಮನಸ್ಸಿಗೆ ಚುಚ್ಚುತ್ತಲೇ ಇದ್ದವು.

"ಅವಳನ್ನೇ ಹೋಗಿ ಕೇಳು," ಎಂದಳು ಮಾರ್ವಾ.

ಒಬೆಲಿನ್ ಆ ದಿನ ಬಂಡೆಗಳ ಮೇಲೆ ಡಲ್ಸ್ ಒಣಗಿಸುತ್ತಿದ್ದಳು. ಸಮುದ್ರದ ಆ ನೇರಳೆ ಪಾಚಿ ಒಣಗಿದ ಮೇಲೆ ನಮ್ಮವರ ಬಾಯಿಗೆ ಎಲೆಯಡಿಕೆಯಿದ್ದ ಹಾಗೆ. ಎಪ್ಪತ್ತಾರರ ಮುದುಕಿ ಬಾಗಿ ಒಂದೊಂದೇ ಎಳೆ ತಿರುವಿ ಹಾಕುತ್ತಿದ್ದಳು. ಎಲ್ವುಡ್ ಜಾರುವ ಬಂಡೆಯ ಮೇಲೆ ನಗರದ ಶೂ ಹಾಕಿಕೊಂಡು, ಎರಡು ಕೈ ಅಗಲಿಸಿ, ತಂತಿಯ ಮೇಲೆ ನಡೆಯುವವನ ಹಾಗೆ ಬಂದ.

"ಏನು ಮಗಾ, ಹಾರ್ತೀಯಾ?"

"ಒಬೆಲಿನ್, ನಿಮ್ಮ ಕೋಡಿನಲ್ಲಿ ಹದಿನೇಳನೇ ಬಂದರಿಗೆ ಸೊನ್ನೆ ಬಿಂದು ನಾಲ್ಕು ಒಂದು ಕಳೀತೀರಲ್ಲ. ಅದು ಯಾವ ಸಿದ್ಧಾಂತ?"

"ಸಿದ್ಧಾಂತನಾ?" ಅವಳು ಸೊಂಟ ನೆಟ್ಟಗೆ ಮಾಡಿಕೊಂಡಳು. "ಅಲ್ಲಿ ಅಳತೆ ಕಡ್ಡಿ ಹೊಡೆದವನು ಕುಡಿದಿದ್ದ. ಒಂದು ಮೊಳ ಮೇಲೆ ಹೊಡೆದ. ಕೀಳ್ಸೋಕೆ ಅಂತ ಅರ್ಜಿ ಬರೆದು ಬರೆದು ಸಾಕಾಯ್ತು, ಕಳೆದುಬಿಟ್ಟೆ. ಅವನ ಮೊಮ್ಮಗ ಈಗ ಕೌನ್ಸಿಲರ್."

"ಹನ್ನೊಂದು ನಿಮಿಷ ಕೂಡೋದು?"

"ಎಪ್ಪತ್ತಾರನೇ ಇಸ್ವೀಲಿ ಬಂದರಿಗೆ ಅಡ್ಡ ಗೋಡೆ ಕಟ್ಟಿದ್ರು. ನೀರು ಸುತ್ತಿಕೊಂಡು ಬರ್ಬೇಕಲ್ಲಪ್ಪ, ಅದಕ್ಕೇನು ರೆಕ್ಕೆ ಇದ್ಯಾ?"

ಎಲ್ವುಡ್ ಎಲ್ಲವನ್ನೂ ಬರೆದುಕೊಂಡ. ಬರೆಯುವಾಗ ಮುಖ ಹುಳಿ ತಿಂದವನ ಹಾಗಿತ್ತು. ಹೊರಡಲು ತಿರುಗಿದಾಗ ಅವಳೇ ಕರೆದಳು.

"ಇನ್ನೊಂದು ಮಾತು ಕೇಳು. ಅದಕ್ಕೆ ಒಬ್ಬೊಬ್ಬರನ್ನೇ ಕಳಿಸು. ಅದರೊಳಗೆ ಇರೋದು ಒಂದೇ ಹಲಗೆ. ಕೇಳಿದವರ ಊರು, ತಾರೀಖು ಅದರ ಮೇಲೆ ಬರ್ಕೊಂಡು…"

"ಗೊತ್ತು, ಗೊತ್ತು," ಎಂದ ಎಲ್ವುಡ್. ಅವನ ಕಣ್ಣು ಶೂವಿಗೆ ಅಂಟಿದ ಪಾಚಿಯ ಮೇಲಿತ್ತು. "ಅದನ್ನೆಲ್ಲ ನಾನು ನೋಡ್ಕೋತೀನಿ. ಈಗಿನ ಭಾಷೆಗಳು ಬೇರೆ, ಒಬೆಲಿನ್."

"ಸರಿ ಹಾಗಾದ್ರೆ," ಎಂದು ಅವಳು ಮತ್ತೆ ಬಾಗಿದಳು.

ಈಗ ಎಲ್ವುಡ್ ಮಾಡಿದ ಪಾಪದ ವಿಷಯ. ಹೊರಗಿನ ಕೋಡನ್ನು ಒಳಗೆ ಕರೆಯುವಾಗ ಹ್ಯಾಸ್ಕೆಲ್ ಒಂದು ಮಾತು ಕೇಳುತ್ತದೆ: ಇದು ಶುದ್ಧವೋ, ಅಲ್ಲವೋ? ಅದರ ಹೊಟ್ಟೆಯೊಳಗೆ ಇಣುಕಿ ನೋಡುವುದು ಅದರ ಕೈಲಾಗದು; ಹೇಳಿದ್ದನ್ನು ನಂಬುತ್ತದೆ. ಶುದ್ಧವಲ್ಲ ಎಂದರೆ ಎರಡಕ್ಷರದ ಗುರುತು ಹಾಕಬೇಕು. ಆ ಗುರುತು ಸೂತಕವಿದ್ದ ಹಾಗೆ. ಅದನ್ನು ಮುಟ್ಟಿದ ಸೂತ್ರಕ್ಕೂ, ಆ ಸೂತ್ರವನ್ನು ಮುಟ್ಟಿದ್ದಕ್ಕೂ ಹತ್ತುತ್ತ ಹೋಗಿ, ಎಲ್ವುಡ್‌ನ ಒಂಬೈನೂರು ಸಾಲಿನಲ್ಲಿ ಆರುನೂರಕ್ಕೆ ಹತ್ತುತ್ತಿತ್ತು. ಹ್ಯಾಲಿಫ್ಯಾಕ್ಸಿನ ಏಳು ಜನ ಅದನ್ನು ನೋಡುತ್ತಿದ್ದರು. ಎಲ್ವುಡ್ ಒಂದು ಲೋಟ ನೀರು ಕುಡಿದು ಬಂದು ಕೂತು, ಆ ಎರಡಕ್ಷರ ಬರೆಯದೆ ಬಿಟ್ಟ. ಇದು ಶುದ್ಧ ಎಂದು ಆಣೆ ಹಾಕಿದ ಹಾಗಾಯಿತು. ಕೋಡು ಓದಿ ಯಂತ್ರಕ್ಕೆ ಒಪ್ಪಿಸುವ ಕಂಪೈಲರು ಅದನ್ನು ನಂಬಿತು. ವರ್ಷಗಟ್ಟಲೆ ಕಂಡವರಿಗೆಲ್ಲ ಮಡಿ ಬೋಧಿಸಿದವನು ಮುಸುರೆ ಪಾತ್ರೆಯನ್ನು ತೊಳೆಯದೆ ದೇವರ ಮನೆಯಲ್ಲಿಟ್ಟು ಬಾಗಿಲು ಹಾಕಿಕೊಂಡ.

ಪರೀಕ್ಷೆ ಮಾಡಿದ. ಒಬ್ಬನೇ ಕೂತು ಕೇಳಿದ ನಾಲ್ಕು ಸಾವಿರ ಪ್ರಶ್ನೆಗಳಿಗೂ ಉತ್ತರ ಸರಿ ಬಂತು.

ವೆಬ್‌ಸೈಟ್ ಶುರು ಮಾಡಲು ಆಗಸ್ಟಿನ ಬಂದರು ಹಬ್ಬದ ಶನಿವಾರ ನಿಗದಿಯಾಯಿತು. ದಡದಲ್ಲಿ ಬ್ಯಾಂಡು, ಮೀನಿನ ಸೂಪು, ಪಂದ್ಯಗಳು. ದಡದ ಎದುರಿಗೆ ಒಂದು ಮೈಲಿ ಆಚೆ ರ‍್ಯಾಮ್ ದ್ವೀಪ. ನೀರು ಇಳಿದಾಗ ಮಾತ್ರ ಅಲ್ಲಿಗೆ ಹೋಗಲು ಜಲ್ಲಿಯ ದಾರಿಯೊಂದು ಮೇಲೇಳುತ್ತದೆ. ವೆಬ್‌ಸೈಟ್ ಹೇಳಿದ ಹೊತ್ತನ್ನು ನಂಬಿ ಅದರ ಮೇಲೆ ತನ್ನ ಕಾರು ಓಡಿಸಿಕೊಂಡು ಹೋಗಿ ಬರುತ್ತೇನೆ ಎಂದು ಎಲ್ವುಡ್ ಘೋಷಿಸಿದ್ದ. ಕಾರು ಕೊಂಡು ಆರು ವಾರವಾಗಿತ್ತು. ಮೇಲ್ಛಾವಣಿ ಬಿಳಿ, ಒಳಗೆ ಬಿಳಿ ಸೀಟು.

ಬೆಳಗಿನಿಂದ ಅವನು ಆಫೀಸಿನೊಳಗೆ ತಂತಿ ಜೋಡಿಸುತ್ತಿದ್ದನೇ ಹೊರತು ಕಿಟಕಿಯ ಆಚೆ ನೋಡಿರಲಿಲ್ಲ. ಒಂದೂವರೆಗೆ ಮೈಕಿನ ಮುಂದೆ ಬಂದು ನಿಂತ. ಒಂದಷ್ಟು ಜನರಿಗೆ ಅರ್ಥವಾಗದ್ದನ್ನೂ ಉಳಿದವರಿಗೆ ಬೇಡವಾದದ್ದನ್ನೂ ಹೇಳಿ, ಕೊನೆಗೆ, "ಎಲ್ಲರೂ ಫೋನು ತೆಗೀರಿ! ಎಲ್ಲರೂ ಒಟ್ಟಿಗೇ ಕೇಳಿ! ಎಷ್ಟು ಜನ ಬೇಕಾದ್ರೂ ಕೇಳಬಹುದು, ಶುದ್ಧವಾದದ್ದಕ್ಕೆ ನೂಕುನುಗ್ಗಲು ಅನ್ನೋದೇ ಇಲ್ಲ!" ಎಂದ. ಮುನ್ನೂರು ಹೆಬ್ಬೆರಳುಗಳು ಒಟ್ಟಿಗೆ ಎದ್ದವು. ತನ್ನದೂ ಒಂದು ಪ್ರಶ್ನೆ ಹಾಕಿದ: ರ‍್ಯಾಮ್ ದ್ವೀಪ, ಇವತ್ತು, ಈಗ. ಪಕ್ಕದಲ್ಲೇ ನಿಂತ ಪಾದ್ರಿಗಳು ಮುಂದಿನ ಶನಿವಾರ ಮಕ್ಕಳನ್ನು ಚಿಪ್ಪುಮೀನು ಅಗೆಯಲು ಕರೆದುಕೊಂಡು ಹೋಗಬೇಕಿತ್ತು. ಅವರು ಅದೇ ದ್ವೀಪ, ಮುಂದಿನ ಶನಿವಾರ ಎಂದು ಕೇಳಿದರು. ವಾರದೊಳಗೆ ನೀರಿನ ಹೊತ್ತು ಸರಿಯುತ್ತ ಸರಿಯುತ್ತ ಹೆಚ್ಚುಕಡಿಮೆ ಉಲ್ಟಾ ಆಗಿರುತ್ತದೆ.

ಎಲ್ವುಡ್‌ನ ಫೋನು ಹೇಳಿತು: ನೀರು ಇಳಿಯುತ್ತಿದೆ. ಐದೂವರೆಗೆ ಪೂರ್ತಿ ಇಳಿತ.

"ನಾಲ್ಕು ಗಂಟೆ ಸಮಯ ಇದೆ!" ಎಂದು ಅವನು ಕಾರು ಹತ್ತಿದ. ಪಕ್ಕದಲ್ಲಿ ಮಾರ್ವಾ ಹುಳಿದಂಟು ರೂಬಾರ್ಬಿನ ಪೈ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾರು ದಡ ಇಳಿದು ಜಲ್ಲಿಯ ಬಾಯಿಗೆ ಬಂದಾಗ ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ನಿಲ್ಸು. ನಾನು ಇಳೀತೀನಿ."

"ಯಾಕೆ ಮಾರ್ವಾ? ನೋಡಿ, ದಾರಿ ಒಣಗಿದೆ."

"ಒಣಗಿದೆ. ಆದ್ರೆ ಮಧ್ಯಾಹ್ನ ಹನ್ನೆರಡಕ್ಕೆ ಇನ್ನೂ ಅಗಲವಾಗಿ ಒಣಗಿತ್ತು." ಅವಳು ಇಳಿದಳು, ಪೈ ತಟ್ಟೆಯನ್ನೂ ಇಳಿಸಿಕೊಂಡಳು.

ದಡದಲ್ಲಿ ಡಲ್ಸ್ ಮಾರುತ್ತ ಕೂತಿದ್ದ ಒಬೆಲಿನ್ ಎದ್ದು ನಿಂತು ಕೈ ಬೀಸಿದಳು. "ಎಲ್ವುಡ್! ಮೀನುಬಲೆ ಕಂಬ ನೋಡೋ! ಕಂಬ ಮುಳುಗ್ತಾ ಇದೆ!" ಬ್ಯಾಂಡಿನ ಗದ್ದಲ. ಅವನು ಅದನ್ನು ಶುಭಾಶಯ ಎಂದುಕೊಂಡು ತಾನೂ ಕೈ ಬೀಸಿದ. ಇನ್ನೂ ಇಪ್ಪತ್ತು ಜನ ಓಡಿ ಹೋಗಿ ತಡೆಯಬಹುದಿತ್ತು. ಆದರೆ ನಮ್ಮೂರಿನವರು ಅವನ ಉಪನ್ಯಾಸವನ್ನು ಎರಡೂವರೆ ವರ್ಷ ಕೇಳಿದ್ದರು. ಒಬ್ಬ ದೋಣಿಯವನು ಹೋಗಿ ಇಂಜಿನ್ ಚಾಲೂ ಮಾಡಿ ಇಟ್ಟ. ಉಳಿದವರು ಕುರ್ಚಿ ಎಳೆದುಕೊಂಡು ನೀರಿನ ಕಡೆ ತಿರುಗಿಸಿ ಕೂತರು.

ಅಷ್ಟಾದರೂ ಸೀದಾ ಹೋಗಿದ್ದರೆ ಮುಟ್ಟಿಬಿಡುತ್ತಿದ್ದನೇನೋ. ನಡುದಾರಿಯಲ್ಲಿ ನಿಲ್ಲಿಸಿ, ಇಳಿದು, ಕಾರಿನ ಮುಂದೆ ನಿಂತು, ಮಣಿಕಟ್ಟಿನ ಹಚ್ಚೆ ಕಾಣುವ ಹಾಗೆ ಫೋಟೊ ತೆಗೆದುಕೊಂಡ. ಮೊದಲನೆಯದರಲ್ಲಿ ಕಣ್ಣು ಮುಚ್ಚಿತ್ತು, ಇನ್ನೊಂದು ತೆಗೆದ. ಹ್ಯಾಲಿಫ್ಯಾಕ್ಸಿಗೆ ಕಳಿಸಲು ಎರಡು ಸಾಲು ಟೈಪು ಮಾಡುತ್ತಿದ್ದಾಗ ಶೂವಿನೊಳಗೆ ತಣ್ಣಗಾಯಿತು.

ನಮ್ಮ ನೀರು ಅಲೆ ಎಬ್ಬಿಸಿ ಬರುವುದಿಲ್ಲ. ಎರಡು ಕಡೆಯಿಂದಲೂ ಸದ್ದಿಲ್ಲದೆ, ನೆಂಟರ ಹಾಗೆ ಬಂದು ಕೂರುತ್ತದೆ. ಕಾರು ಹತ್ತಿ ಚಾಲೂ ಮಾಡುವ ಹೊತ್ತಿಗೆ ಹಿಂದೆಯೂ ಮುಂದೆಯೂ ಜಲ್ಲಿ ಕಾಣಿಸುತ್ತಿರಲಿಲ್ಲ. ಸ್ವಲ್ಪ ದೂರ ಹೋದ, ಗಾಲಿ ಹೂತಿತು. ಬಾಗಿಲಿನಿಂದ ನೀರು ಬಿಳಿ ಸೀಟಿಗೆ ಬಂತು. ಎಲ್ವುಡ್ ಕಿಟಕಿಯಿಂದ ತೂರಿ ಛಾವಣಿ ಹತ್ತಿದ.

ಅಲ್ಲಿ ಕೂತು ಮತ್ತೊಮ್ಮೆ ಫೋನಿಗೆ ಅದೇ ಪ್ರಶ್ನೆ ಹಾಕಿದ. ರ‍್ಯಾಮ್ ದ್ವೀಪ, ಇವತ್ತು, ಈಗ. ದಡದವರು ಫೋನು ಕೆಳಗಿಟ್ಟು ಅವನನ್ನೇ ನೋಡುತ್ತಿದ್ದರು, ಕೇಳುವವನು ಅವನೊಬ್ಬನೇ. ಉತ್ತರ ಬಂತು: ನೀರು ಏರುತ್ತಿದೆ. ಎರಡು ಗಂಟೆಗೇ ದಾರಿ ಪೂರ್ತಿ ಮುಳುಗಿದೆ. ಎಲ್ವುಡ್ ಪರದೆಯನ್ನು ಅಂಗಿಗೆ ಒರೆಸಿ ಮತ್ತೊಮ್ಮೆ ಓದಿದ. ಒಂದೇ ಪ್ರಶ್ನೆ, ಎರಡು ಉತ್ತರ. ಮೊದಲು ಬಂದದ್ದು ಪಾದ್ರಿಗಳ ಮುಂದಿನ ಶನಿವಾರದ ಉತ್ತರ: ಒಂದೇ ಹಲಗೆಯ ಮೇಲೆ ಅವರ ತಾರೀಖು ಇವನದನ್ನು ಅಳಿಸಿತ್ತು. ಹಲಗೆ ಎಂದು ಮುದುಕಿ ಹೇಳಲು ಬಾಯಿ ತೆರೆದದ್ದು, ತಾನು ಗೊತ್ತು ಗೊತ್ತು ಎಂದದ್ದು, ಬರೆಯದೆ ಬಿಟ್ಟ ಎರಡಕ್ಷರ, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಅವನಿಗೆ ಅಳು ಬಂತು. ನೀರು ತಣ್ಣಗಿದ್ದದ್ದೂ ಒಂದು ಕಾರಣವಿರಬಹುದು.

ದೋಣಿಯವನು ಬಂದು ಛಾವಣಿಗೆ ತಾಗಿಸಿ ನಿಲ್ಲಿಸಿದ. "ಐದೂವರೆವರೆಗೂ ಕಾಯ್ತೀಯೋ, ಈಗ್ಲೇ ಬರ್ತೀಯೋ?" ಎಂದು ಕೇಳಿದ.

ಸೋಮವಾರ ಆಫೀಸಿನಲ್ಲಿ ಎಲ್ವುಡ್ ಬಾಯಿ ಬಿಟ್ಟು ಆಡಿದ ಮೊದಲ ಮಾತು, "ಫೋರ್ಟ್ರಾನ್ ಕೈ ಕೊಟ್ಟಿತು." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಮಾರ್ವಾ ಒಬೆಲಿನ್‌ಗೆ ಫೋನು ಮಾಡಿದಳು. ಅವಳು ಬಂದು, ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಅವನ ಪರದೆಯ ಮುಂದೆ ಕೂತಳು. ಹ್ಯಾಸ್ಕೆಲ್ ಅವಳಿಗೆ ಬರುತ್ತಿರಲಿಲ್ಲ. ಆದರೂ ತನ್ನ ಪ್ರೋಗ್ರಾಮಿನ ಹೆಸರು ಇದ್ದ ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಏನು ಬರೆದಿದ್ದೀ?"

"ಇದು… ಶುದ್ಧ ಅಂತ."

"ಯಾರು ಹೇಳಿದ್ರು?"

ಎಲ್ವುಡ್ ನೆಲ ನೋಡಿದ. "ನಾನೇ."

"ನನ್ನ ಕೇಳಿದ್ಯಾ?"

"ಇಲ್ಲ."

"ನಾನಾಗೇ ಹೇಳೋಕೆ ಬಂದೆ. ಆಗ ನಿನಗೆ ಶೂ ಮುಖ್ಯ ಆಯ್ತು." ಅವಳ ದನಿ ಏರಲಿಲ್ಲ. "ಕೇಳು ಮಗಾ. ಐವತ್ತು ವರ್ಷ ಅದು ಒಂದು ದೋಣೀನೂ ಮುಳುಗಿಸಿಲ್ಲ. ಯಾಕೆ ಗೊತ್ತಾ? ಅದು ಎಂಥದ್ದು ಅಂತ ನಾವು ಸುಳ್ಳು ಹೇಳಿರ್ಲಿಲ್ಲ. ಕೊಳಕಾದ್ರೆ ಕೊಳಕು ಅಂತ್ಲೇ ಬರಿ. ಅದಕ್ಕೇನೂ ಬೇಜಾರಾಗಲ್ಲ."

ಎಲ್ವುಡ್‌ನ ಕಿವಿ ಕೆಂಪಾಯಿತು. ನಮಗೆ ತಿಳಿದ ಮಟ್ಟಿಗೆ ಅವನು ಜೀವಮಾನದಲ್ಲಿ ಮೊದಲ ಸಲ ಎದುರು ಮಾತಾಡದೆ ಕೂತದ್ದು ಅವತ್ತೇ. ಎರಡಕ್ಷರ ಬರೆದ. ಸೂತಕ ಹತ್ತುತ್ತ ಹೋಯಿತು; ಅದನ್ನೆಲ್ಲ ಸರಿಮಾಡಲು ನಾಲ್ಕು ತಿಂಗಳು ಬೇಕಾಯಿತು. ಒಬೆಲಿನ್‌ಳ ಪ್ರೋಗ್ರಾಮಿನ ಬಾಗಿಲಿಗೊಂದು ಬೀಗ ಇಟ್ಟ: ಒಬ್ಬರು ಒಳಗಿದ್ದರೆ ಇನ್ನೊಬ್ಬರು ಸಾಲಿನಲ್ಲಿ ನಿಲ್ಲಬೇಕು. ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಕರಗುತ್ತದೆ. ಯಾರಿಗೂ ಕಾದದ್ದೇ ತಿಳಿಯುವುದಿಲ್ಲ. ಈಗ ನಮ್ಮ ಊರಿನವರೆಲ್ಲ ಅದನ್ನೇ ನೋಡುತ್ತಾರೆ. ನೋಡಿದ ಮೇಲೆ ಕಂಬವನ್ನೂ ಒಂದು ಸಲ ನೋಡುತ್ತಾರೆ.

ಚಳಿಗಾಲದಲ್ಲಿ ಎಲ್ವುಡ್ ಹ್ಯಾಲಿಫ್ಯಾಕ್ಸಿಗೆ ಹೋಗಿ, ಹಳೆಯ ಕೋಡಿನ ಅಪಾಯಗಳನ್ನು ತಾನು ಹೇಗೆ ಕಂಡುಹಿಡಿದೆ ಎಂದು ಉಪನ್ಯಾಸ ಕೊಟ್ಟ. ಕಾರಿನ ವಿಷಯ ಅದರಲ್ಲಿ ಬರಲಿಲ್ಲ. ಏಳು ಜನರಲ್ಲಿ ನಾಲ್ವರು ಚಪ್ಪಾಳೆ ತಟ್ಟಿದರು. ಮೂವರು ಇವನು ಮಡಿ ಕೆಟ್ಟನೆಂದು ಎದ್ದು ಹೋದರು.

ಇತ್ತ ಮಾರ್ವಾ ಒಬೆಲಿನ್‌ಳನ್ನು ಬೇಡಿಕೊಂಡು, ಸಾಯುವುದರೊಳಗೆ ಆ ಹನ್ನೊಂದು ಸಾವಿರ ಸಾಲಿಗೂ ವಿವರಣೆ ಬರೆಸಿಕೊಂಡಳು. ಮುದುಕಿ ದಿನಾ ಬಂದು, ಡಲ್ಸ್ ಅಗಿಯುತ್ತ, ಯಾವ ಕಡ್ಡಿಯನ್ನು ಯಾವ ಕುಡುಕ ಹೊಡೆದ, ಯಾವ ಗೋಡೆಗೆ ನೀರು ಎಲ್ಲಿ ಸುತ್ತುತ್ತದೆ, ಇಂಜಿನಿಯರರು ಎಲ್ಲೆಲ್ಲಿ ತಪ್ಪಿದ್ದರು, ಎಲ್ಲವನ್ನೂ ಹೆಸರು ಸಮೇತ ಬರೆದಳು. ಬರೆದದ್ದು ತನ್ನ ಮನೆಮಾತಿನಲ್ಲಿ, ಅಜ್ಜಿಯಂದಿರು ಆಡುತ್ತಿದ್ದ ಅಕೇಡಿಯನ್ ಫ್ರೆಂಚಿನಲ್ಲಿ. ಎಲ್ವುಡ್‌ಗೆ ಅದರಲ್ಲಿ ಒಂದಕ್ಷರ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಕೇಳಿದ್ದಕ್ಕೆ, "ಈಗಿನ ಭಾಷೆಗಳು ನಂಗೆ ಬರಲ್ಲ ಮಗಾ," ಎಂದಳಂತೆ.

ಮಂಗಳವಾರ ಸಂಜೆ ಇಗರ್ಜಿಯ ನೆಲಮಾಳಿಗೆಯಲ್ಲಿ ಒಬೆಲಿನ್‌ಳ ತಂಗಿ ಮಗಳು ಫ್ರೆಂಚ್ ಪಾಠ ಹೇಳುತ್ತಾಳೆ. ಎಲ್ವುಡ್ ಟಿಂಗ್ಲಿ ಹಿಂದಿನ ಬೆಂಚಿನಲ್ಲಿ, ತನಗಿಂತ ಎರಡು ದಶಕ ಚಿಕ್ಕವರ ನಡುವೆ ಕೂತು ಕ್ರಿಯಾಪದ ಉರುಹೊಡೆಯುತ್ತಾನೆ. ಅದರಲ್ಲಿ ನಿಯಮಕ್ಕಿಂತ ಅಪವಾದವೇ ಹೆಚ್ಚೆಂದು ಅವನಿಗೆ ವಿಪರೀತ ಸಿಟ್ಟು. ಮೊದಲ ಪರೀಕ್ಷೆಯಲ್ಲಿ ನಪಾಸಾಗಿದ್ದಾನೆ. ಎರಡನೆಯದಕ್ಕೆ ಹೆಸರು ಕೊಟ್ಟಿದ್ದಾನೆ.